ಮಗಳನ್ನು ಜರ್ಮನಿಗೆ ಓದಲು ಕಳುಹಿಸುವಾಗ ಮನೆಯವರೆಲ್ಲ ಜೊತೆಗೇ ಹೋಗುವುದೇ, ದಸರಾ ರಜೆಯಲ್ಲಿ ಆಮೇಲೆ ಹೋಗುವುದೇ?

ಕುಂಜಿಬೆಟ್ಟು, ಉಡುಪಿ

ಎಲ್ಲರಿಗೂ ನಮಸ್ಕಾರ. ಇಲ್ಲಿಯೇ ಮೆಕ್ಯಾನಿಕಲ್ ಬಿ.ಇ. ಮುಗಿಸಿದ ನನ್ನ ಮಗಳಿಗೆ ಜರ್ಮನಿಯ ಆಖೆನ್ ನಗರದ ಆರ್‌ಡಬ್ಲ್ಯುಟಿಎಚ್ ವಿಶ್ವವಿದ್ಯಾಲಯದಲ್ಲಿ ಸ್ನಾತಕೋತ್ತರ ವ್ಯಾಸಂಗಕ್ಕೆ ಪ್ರವೇಶ ಸಿಕ್ಕಿದೆ. ವೀಸಾ ಕೈಸೇರಿದೆ, ಬ್ಲಾಕ್ಡ್ ಅಕೌಂಟಿಗೆ (ತಿಂಗಳಿಗಿಷ್ಟೇ ಎಂದು ಹಣ ಬಿಡುವ ಖಾತೆ) ಒಂದು ವರ್ಷದ ಖರ್ಚಿನ 11,904 ಯೂರೋ ಕಟ್ಟಿಯಾಗಿದೆ, ವಿದ್ಯಾರ್ಥಿ ನಿಲಯವೊಂದರಲ್ಲಿ ಕೋಣೆಯೂ ಗೊತ್ತಾಗಿದೆ. ಈಗ ಮನೆಯಲ್ಲಿ ತೀರ್ಮಾನವಾಗದೆ ಉಳಿದಿರುವುದು ಅವಳ ಜೊತೆ ಯಾರು, ಯಾವಾಗ ಹೋಗಬೇಕು ಎಂಬುದು. ಸೆಪ್ಟೆಂಬರ್ ಕೊನೆಯಲ್ಲಿ ನಾವಿಬ್ಬರೂ ಕಿರಿಯ ಮಗನೂ ಅವಳೊಂದಿಗೇ ಹೊರಟು, ಎಲ್ಲವನ್ನೂ ವ್ಯವಸ್ಥೆ ಮಾಡಿಕೊಟ್ಟು ಬರೋಣ ಎನ್ನುವುದು ಯಜಮಾನರ ಅಭಿಪ್ರಾಯ. ನಾನು ಶಾಲಾ ಶಿಕ್ಷಕಿಯಾದ್ದರಿಂದ ದಸರಾ ರಜೆಯಲ್ಲಿ ಹೋಗುವುದು ನನಗೆ ಅನುಕೂಲ; ಆದರೆ ಹಾಸ್ಟೆಲಿನಲ್ಲಿ ಎಂದೂ ಇದ್ದು ಅಭ್ಯಾಸವಿಲ್ಲದ ಹುಡುಗಿ ಅಷ್ಟು ದಿನ ಅಲ್ಲಿ ಒಬ್ಬಳೇ ಹೇಗಿರುತ್ತಾಳೋ ಎಂಬ ಚಿಂತೆ ನನ್ನನ್ನು ಬಿಡುತ್ತಿಲ್ಲ. ಅನುಭವವಿದ್ದವರು ತಿಳಿಸಿಕೊಟ್ಟರೆ ಉಪಕಾರವಾಗುತ್ತದೆ. ಲಗೇಜಿನಲ್ಲಿ ಏನು ಕಳುಹಿಸಬಹುದು, ಏನು ಕೂಡದು ಎಂಬುದನ್ನೂ ದಯವಿಟ್ಟು ಹೇಳಿ.

ಕದ್ರಿ, ಮಂಗಳೂರು

ಮೇಡಂ, ಮಗಳಿಗೆ ಅಭಿನಂದನೆಗಳು. ನನ್ನ ಮಗನೂ ಆ ದೇಶದಲ್ಲೇ ಓದಿದವನು. ನೀವು ದಸರಾ ರಜೆಯಲ್ಲಿ ಹೋಗುವುದೇ ಒಳ್ಳೆಯದು ಎಂದು ನಾನು ಖಚಿತವಾಗಿ ಹೇಳುತ್ತೇನೆ, ಏಕೆಂದರೆ ಮೊದಲ ವಾರಗಳ ಕೆಲಸಗಳೆಲ್ಲ ಅವಳೇ ಖುದ್ದಾಗಿ ಪಾಸ್‌ಪೋರ್ಟ್ ತೋರಿಸಿ, ಸಹಿ ಹಾಕಿ ಮಾಡಬೇಕಾದವು. ತಂದೆ-ತಾಯಿ ಜೊತೆಗಿದ್ದರೂ ಕಚೇರಿಯ ಹೊರಗೆ ಕಾಯುವುದಷ್ಟೇ ಆಗುತ್ತದೆ. ಕೋಣೆ ಸೇರಿದ ಎರಡು ವಾರದೊಳಗೆ ನಗರಾಡಳಿತದ ಕಚೇರಿಯಲ್ಲಿ ವಿಳಾಸವನ್ನು ನೋಂದಾಯಿಸಬೇಕು. ಅಲ್ಲಿನವರು ಇದನ್ನು ಆನ್‌ಮೆಲ್ಡುಂಗ್ ಎನ್ನುತ್ತಾರೆ. ಇದಕ್ಕೆ ಬಾಡಿಗೆ ಕರಾರು ಪತ್ರ ಸಾಲದು. ಈಕೆ ಇಂಥ ದಿನದಿಂದ ಇಲ್ಲಿ ವಾಸವಾಗಿದ್ದಾಳೆ ಎಂದು ಕೋಣೆ ಕೊಟ್ಟವರು ಸಹಿ ಮಾಡಿದ ಪ್ರತ್ಯೇಕ ಪತ್ರ ಬೇಕು. ಆ ನೋಂದಣಿಯಾದ ಮೇಲೆ ಸಾಮಾನ್ಯವಾಗಿ ಬ್ಯಾಂಕ್ ಖಾತೆ, ಖಾತೆಯಾದ ಮೇಲೆ ಬ್ಲಾಕ್ಡ್ ಅಕೌಂಟಿನಿಂದ ತಿಂಗಳಿಗೆ 992 ಯೂರೋ, ಹೀಗೆ ಒಂದರ ಬಾಲ ಹಿಡಿದು ಇನ್ನೊಂದು ಬರುತ್ತದೆ. ವಿದ್ಯಾರ್ಥಿಗಳು ಒಟ್ಟಿಗೆ ಬಂದಿಳಿಯುವ ಕಾಲದಲ್ಲಿ ಕಚೇರಿಯ ಸಮಯ ಸಿಗುವುದೇ ಕಷ್ಟ. ಆದ್ದರಿಂದ ಉಡುಪಿಯಲ್ಲಿ ಕುಳಿತೇ ಆನ್‌ಲೈನಿನಲ್ಲಿ ದಿನ ಗೊತ್ತುಮಾಡಿಕೊಳ್ಳಲಿ. ಬ್ಲಾಕ್ಡ್ ಅಕೌಂಟಿನ ಹಣ ಕೈಗೆ ಬರುವವರೆಗಿನ ಬಾಡಿಗೆ, ಮುಂಗಡ ಠೇವಣಿ, ಊಟದ ಖರ್ಚಿಗೆ ಫಾರೆಕ್ಸ್ ಕಾರ್ಡಿನಲ್ಲಿ ಬೇರೆಯೇ ಹಣ ಇರಬೇಕು. ಹೊಸಬರಿಗೆ ತೊಂದರೆ ಆಗುವುದು ಹೆಚ್ಚಾಗಿ ಈ ವಿಷಯದಲ್ಲೇ.

ಅಕ್ಟೋಬರ್ 3 ಅಲ್ಲಿ ರಾಷ್ಟ್ರೀಯ ರಜಾದಿನ. ಭಾನುವಾರಗಳಲ್ಲೂ ದೊಡ್ಡ ರೈಲ್ವೆ ನಿಲ್ದಾಣ, ವಿಮಾನ ನಿಲ್ದಾಣದೊಳಗಿನ ಕೆಲವನ್ನು ಬಿಟ್ಟರೆ ಅಂಗಡಿಗಳು ತೆರೆಯುವುದಿಲ್ಲ. ವಾರದ ನಡುವೆ, ಹಗಲು ಹೊತ್ತಿನಲ್ಲಿ ತಲುಪುವಂತೆ ಟಿಕೆಟ್ ಮಾಡಿ. ಬೆಂಗಳೂರಿನಿಂದ ವಿಮಾನವಾದರೆ ಒಂದು ದಿನ ಮುಂಚೆಯೇ ಅಲ್ಲಿಗೆ ತಲುಪಿರಬೇಕು. ಮಳೆ ಇನ್ನೂ ಬಿಟ್ಟಿರದ ಕಾಲದಲ್ಲಿ ಶಿರಾಡಿ ಘಾಟಿಯನ್ನಾಗಲಿ ಸುಬ್ರಹ್ಮಣ್ಯ–ಸಕಲೇಶಪುರದ ರೈಲು ಮಾರ್ಗವನ್ನಾಗಲಿ ಗಂಟೆ ಲೆಕ್ಕದಲ್ಲಿ ನಂಬುವಂತಿಲ್ಲ.

ನಿಮಗೆ ಬೇಕಾದದ್ದು ಷೆಂಗೆನ್ ಪ್ರವಾಸಿ ವೀಸಾ, ಅಂದರೆ ಜರ್ಮನಿಯೂ ಸೇರಿ ಯುರೋಪಿನ ಹಲವು ದೇಶಗಳಿಗೆ ಸಲ್ಲುವ ಅಲ್ಪಾವಧಿಯ ವೀಸಾ. ವಯಸ್ಕರಿಗೆ ಶುಲ್ಕ 90 ಯೂರೋ, ಕನಿಷ್ಠ 30,000 ಯೂರೋ ಮೊತ್ತದ ಪ್ರಯಾಣ ವಿಮೆ ಕಡ್ಡಾಯ. ತೀರ್ಮಾನಕ್ಕೆ ಸಾಮಾನ್ಯವಾಗಿ 15 ದಿನ, ಕೆಲವೊಮ್ಮೆ 45 ದಿನದವರೆಗೂ ಹಿಡಿಯುತ್ತದೆ. ಮಗಳಿಗೆ ಅಲ್ಲಿ ಆದಾಯವಿಲ್ಲದ ಕಾರಣ ನಿಮ್ಮ ಖರ್ಚನ್ನು ನೀವೇ ಭರಿಸುತ್ತೀರೆಂದು ಬ್ಯಾಂಕ್ ವಿವರ, ಆದಾಯ ತೆರಿಗೆ ಕಾಗದ, ಶಾಲೆಯ ರಜೆ ಮಂಜೂರಾತಿ ಪತ್ರಗಳಿಂದ ತೋರಿಸಬೇಕು.

ಸುರತ್ಕಲ್‌ನವನು, ಈಗ ಕೊಲೋನ್‌ನಲ್ಲಿ

ಅಕ್ಕ, ನಾನಿರುವ ಊರಿನಿಂದ ಆಖೆನ್‌ಗೆ ರೈಲಿನಲ್ಲಿ ಒಂದು ಗಂಟೆಯ ದಾರಿ. ಲಗೇಜಿನ ಬಗ್ಗೆ ಬರೆಯುತ್ತೇನೆ. ತುಪ್ಪ, ಪೇಡ, ಹಾಲಿನ ಪುಡಿ ಕಳುಹಿಸಬೇಡಿ. ಐರೋಪ್ಯ ಒಕ್ಕೂಟದ ಹೊರಗಿನಿಂದ ಹಾಲಿನ ಮತ್ತು ಮಾಂಸದ ಪದಾರ್ಥಗಳನ್ನು ಪ್ರಯಾಣಿಕರು ತರುವಂತಿಲ್ಲ. ಕರಿಬೇವಿನ ಸೊಪ್ಪು, ಮಾವಿನಹಣ್ಣುಗಳನ್ನೂ ಸಸ್ಯ ಆರೋಗ್ಯದ ಪ್ರಮಾಣಪತ್ರವಿಲ್ಲದೆ ತರುವುದಕ್ಕಾಗುವುದಿಲ್ಲ. ಆದರೆ ತೆಂಗಿನಕಾಯಿ, ಬಾಳೆಹಣ್ಣು, ಅನಾನಸುಗಳಿಗೆ ಆ ನಿಯಮದಿಂದ ವಿನಾಯಿತಿ ಇದೆ, ಮೀನಿಗೂ 20 ಕಿಲೋವರೆಗೆ ಅವಕಾಶವಿದೆ. ಹಾಗಾಗಿ ಮಲ್ಪೆಯ ಒಣಮೀನನ್ನು ವಾಸನೆ ಬಾರದಂತೆ ಭದ್ರವಾಗಿ ಕಟ್ಟಿ ಕಳುಹಿಸಬಹುದು. ಒಣ ಕೊಬ್ಬರಿ ಮಾತ್ರ ಬೇಡ, ಎಣ್ಣೆಯಂಶದಿಂದ ಬೆಂಕಿ ಹಿಡಿಯುವ ವಸ್ತುವೆಂದು ವಿಮಾನದವರೇ ತಡೆಯುತ್ತಾರೆ.

ದಿಂಬಿನ ಚೀಲ, ಹೊದಿಕೆಗಳಿಗೆ ಜಾಗ ಕೊಡಬೇಡಿ. ಇಲ್ಲಿನ ದಿಂಬು 80 ಸೆಂಟಿಮೀಟರ್ ಉದ್ದ, ಅಷ್ಟೇ ಅಗಲದ ಚೌಕ. ಊರಿನ ಚೀಲ ಅದಕ್ಕೆ ಹಿಡಿಸುವುದಿಲ್ಲ. ಆ ಜಾಗದಲ್ಲಿ ಚಿಕ್ಕದೊಂದು ಸ್ಟೀಲ್ ಕುಕ್ಕರ್ ಇಡಿ, ಕುಚ್ಚಲಕ್ಕಿ ಬೇಯಿಸಲು ಅದು ಇರಲೇಬೇಕು. ಇಲ್ಲಿ ವಿದ್ಯುತ್ ಒಲೆಯಾದ್ದರಿಂದ ತಳ ಸಮತಟ್ಟಾಗಿರಬೇಕು, ಇಂಡಕ್ಷನ್‌ಗೂ ಆಗುವಂತಿದ್ದರೆ ಇನ್ನೂ ಒಳ್ಳೆಯದು. ಬರಿಯ ಅಲ್ಯೂಮಿನಿಯಂ ಕುಕ್ಕರ್ ಇಂಡಕ್ಷನ್‌ನಲ್ಲಿ ಕೆಲಸ ಮಾಡುವುದಿಲ್ಲ. ಮಿಕ್ಸಿ ತಂದರೆ ನಮ್ಮ ಮೂರು ಪಿನ್ನಿನ ಪ್ಲಗ್ಗಿಗೆ ಅಡಾಪ್ಟರ್ ಬೇಕು. ರಾತ್ರಿ 10 ಗಂಟೆಯ ನಂತರ ಮತ್ತು ಭಾನುವಾರಗಳಲ್ಲಿ ಅದನ್ನು ತಿರುಗಿಸಿದರೆ ಅಕ್ಕಪಕ್ಕದವರು ಬಂದು ಬಾಗಿಲು ತಟ್ಟಬಹುದು.

ಮಣಿಪಾಲ

ಕದ್ರಿಯವರು ಹೇಳಿದ್ದರಲ್ಲಿ ಕಚೇರಿಯ ಕೆಲಸಗಳ ಮಾತನ್ನು ಒಪ್ಪುತ್ತೇನೆ, ಆದರೆ ಅದರಿಂದ ಯಾರೂ ಜೊತೆಗೆ ಹೋಗಬಾರದು ಎಂದಾಗುವುದಿಲ್ಲ. ದೂರದ ಪ್ರಯಾಣ ಮಾಡಿ, ಎರಡು ದೊಡ್ಡ ಪೆಟ್ಟಿಗೆ ಎಳೆದುಕೊಂಡು ಫ್ರಾಂಕ್‌ಫರ್ಟ್‌ನಿಂದ ರೈಲು ಹಿಡಿದು, ಕತ್ತಲಾಗುವ ಹೊತ್ತಿಗೆ ಖಾಲಿ ಕೋಣೆಯ ಬಾಗಿಲು ತೆರೆಯುವಾಗ ಮನೆಯವರೊಬ್ಬರು ಪಕ್ಕದಲ್ಲಿರುವುದು ಮಗುವಿಗೆ ದೊಡ್ಡ ಧೈರ್ಯ. ನನ್ನ ಮಗಳನ್ನು ಬಿಟ್ಟುಬರಲು ನಾನೇ ಹೋಗಿದ್ದೆ. ಹಗಲೆಲ್ಲ ಅವಳು ತನ್ನ ಓಡಾಟದಲ್ಲಿದ್ದಳು. ಸಂಜೆ ಬಂದಾಗ ಬಿಸಿ ಅನ್ನ, ಸಾರು ಸಿದ್ಧವಾಗಿರುತ್ತಿತ್ತು, ಕುರ್ಚಿಯಲ್ಲಿ ಕುಳಿತು ಆ ದಿನ ಯಾರು ಏನು ಹೇಳಿದರೆಂಬುದನ್ನೆಲ್ಲ ಒಂದೂ ಬಿಡದೆ ಹೇಳುತ್ತಿದ್ದಳು. ಆ ಮಾತುಗಳನ್ನು ಫೋನಿನಲ್ಲಿ ಹೇಳುತ್ತಿದ್ದಳೆಂದು ನನಗೆ ಅನಿಸುವುದಿಲ್ಲ.

ಆದರೆ ನಾಲ್ವರೂ ಒಟ್ಟಿಗೆ ಹೋದರೆ ಅವಳ ಗಮನ ತನ್ನ ಕೆಲಸ ಬಿಟ್ಟು ನಿಮ್ಮ ಊಟ, ವಸತಿಗಳ ಕಡೆಗೆ ಹೋಗುತ್ತದೆ. ಒಬ್ಬರು ಸಾಕು, ಒಂದು ವಾರ ಸಾಕು. ನಿಲಯದ ಕೋಣೆಯಲ್ಲಿ ಅತಿಥಿಗಳು ರಾತ್ರಿ ತಂಗಬಹುದೇ ಎಂದು ಮೊದಲೇ ಬರೆದು ಕೇಳಿ, ಇಲ್ಲವಾದರೆ ನಡೆದುಹೋಗುವ ದೂರದಲ್ಲಿ ಅಡುಗೆ ಮಾಡಲು ಅನುಕೂಲವಿರುವ ವಸತಿಯನ್ನು ಹುಡುಕಿಕೊಳ್ಳಿ.

ಕುಂಜಿಬೆಟ್ಟು, ಉಡುಪಿ

ಎಲ್ಲರಿಗೂ ಹೃತ್ಪೂರ್ವಕ ವಂದನೆಗಳು. ನಿಮ್ಮ ಉತ್ತರಗಳನ್ನು ಮನೆಯಲ್ಲಿ ಎಲ್ಲರೂ ಕುಳಿತು ಓದಿದೆವು. ಯಜಮಾನರು ಅವಳ ಜೊತೆ ಹೋಗಿ ಒಂದು ವಾರದಲ್ಲಿ ಮರಳುವುದು, ನಾನು ಮತ್ತು ಮಗ ದಸರಾ ರಜೆಯಲ್ಲಿ ಹೋಗುವುದು ಎಂದು ಗೊತ್ತುಮಾಡಿಕೊಂಡಿದ್ದೇವೆ. ವಾಸದ ಪತ್ರಕ್ಕಾಗಿಯೂ ಅತಿಥಿಗಳ ನಿಯಮಕ್ಕಾಗಿಯೂ ಮಗಳು ಇವತ್ತೇ ನಿಲಯದ ಕಚೇರಿಗೆ ಇಮೇಲ್ ಬರೆದಿದ್ದಾಳೆ. ಕೊಲೋನ್‌ನ ತಮ್ಮನಿಗೆ ಒಂದು ವಿನಂತಿ: ಅಲ್ಲಿನ ಅಂಗಡಿಗಳಲ್ಲಿ ಕುಚ್ಚಲಕ್ಕಿ ಸಿಗುತ್ತದೆಯೇ ಎಂದು ತಿಳಿಸಿದರೆ, ಪೆಟ್ಟಿಗೆಯಲ್ಲಿ ಅಕ್ಕಿಗೆ ಎಷ್ಟು ತೂಕ ಬಿಡಬೇಕೆಂದು ಲೆಕ್ಕ ಹಾಕುತ್ತೇನೆ.