ಸ್ಟ್ರೋಕ್ ಆದ ಅಪ್ಪನಿಗೆ ವಿಡಿಯೋ ಗೇಮ್ ಆಡಿಸಬಹುದಾ?

ನಾಪೋಕ್ಲು ಕಡೆಯವಳು

ನಮಸ್ಕಾರ. ಅಪ್ಪನಿಗೆ 64 ವರ್ಷ. ಜೂನ್ ಕೊನೆಯಲ್ಲಿ ಸ್ಟ್ರೋಕ್ ಆಯ್ತು. ಮೆದುಳಿನ ಎಡಭಾಗಕ್ಕೆ ರಕ್ತ ಹೋಗೋದು ನಿಂತಿದ್ದರಿಂದ ಬಲಗೈ, ಬಲಗಾಲು ಸೋತಿವೆ. ನಾವು ಹೇಳಿದ್ದೆಲ್ಲ ಅರ್ಥ ಆಗುತ್ತದೆ, ಆದರೆ ಹೇಳಬೇಕಾದ ಮಾತು ಬಾಯಿಗೆ ಬರುವುದಿಲ್ಲ. ಮೈಸೂರಿನ ಆಸ್ಪತ್ರೆಯಿಂದ ಮನೆಗೆ ಬಂದಿದ್ದೇವೆ. ಈಗ ಗೋಡೆ ಹಿಡಿದು ನಡೆಯುತ್ತಾರೆ. ಬಲಗೈಯನ್ನು ಸ್ವಲ್ಪ ಎತ್ತುತ್ತಾರೆ. ಬೆರಳು ಮಡಚುತ್ತಾರೆ, ಬಿಡಿಸೋದು ಕಷ್ಟ.

ಫಿಸಿಯೋಗೆ ಮಡಿಕೇರಿಗೆ ಹೋಗಬೇಕು. ಈ ಮಳೆಯಲ್ಲಿ ವಾರಕ್ಕೊಮ್ಮೆ ಆದರೆ ಪುಣ್ಯ. ಕಾವೇರಿ ಉಕ್ಕಿ ರಸ್ತೆ ಮೇಲೆ ಬಂದರೆ ಅದೂ ಇಲ್ಲ. ಉಳಿದ ದಿನ ನಾನೇ ಮಾಡಿಸಬೇಕು. ಮೇಜಿನ ಮೇಲೆ ಟವೆಲ್ ಹಾಸಿ, ಅದರ ಮೇಲೆ ಕೈಯಿಟ್ಟು ಮುಂದೆ ತಳ್ಳಿ ಹಿಂದೆ ಎಳೆಯಬೇಕು. ಅಪ್ಪ ನಾಲ್ಕು ಸಲ ತಳ್ಳಿ ಮುಖ ತಿರುಗಿಸಿಬಿಡುತ್ತಾರೆ. 1997ರಲ್ಲಿ ಕೊಡಗಿನ ಕರಡದಲ್ಲಿ ಕೊಡವ ಕೌಟುಂಬಿಕ ಹಾಕಿ ಶುರುವಾಯಿತಲ್ಲ, ಆ ಮೊದಲ ವರ್ಷಗಳಿಂದಲೂ ನಮ್ಮ ಒಕ್ಕದ (ಮನೆತನದ) ಪರ ಮೈದಾನಕ್ಕೆ ಇಳಿದವರು. ಅವರಿಗೆ ಟವೆಲ್ ತಳ್ಳಿ ಅಂದರೆ ಹೇಗಿರಬೇಡ!

ಮೊನ್ನೆ ಅಣ್ಣನ ಮಗ ಬೆಂಗಳೂರಿಂದ ಬರುವಾಗ ಹಳೇ ನಿಂಟೆಂಡೊ ವೀ ತಂದಿದ್ದ, ರಿಮೋಟ್ ಕೈಯಲ್ಲಿ ಹಿಡಿದು ಬೀಸಿ ಆಡುವ ವಿಡಿಯೋ ಗೇಮ್. ಟಿವಿಗೆ ಹಾಕಿ, ಚೆಂಡು ಉರುಳಿಸಿ ಪಿನ್ ಬೀಳಿಸುವ ಬೌಲಿಂಗ್ ಆಡುತ್ತಿದ್ದ. ಅಪ್ಪ ಕುರ್ಚಿಯ ಅಂಚಿಗೆ ಬಂದು ಕೂತರು. ಹುಡುಗ ಕೈ ಬೀಸಿದಾಗಲೆಲ್ಲ ಅಪ್ಪನ ಬಲಗೈ ತೊಡೆಯಿಂದ ಒಂದಿಷ್ಟು ಮೇಲೇಳುತ್ತಿತ್ತು. ಯಾರೂ ಹೇಳಿರಲಿಲ್ಲ. ಅದನ್ನು ನೋಡಿದ ಮೇಲೆ ನನಗೆ ಸುಮ್ನೆ ಕೂರೋಕೆ ಆಗ್ತಿಲ್ಲ.

ಇದರಿಂದ ನಿಜವಾಗಲೂ ಉಪಯೋಗ ಇದೆಯಾ? ಅಪ್ಪನಿಗೆ ಬಿಪಿ ಇದೆ, ಆಡಿಸಿದರೆ ತೊಂದರೆ ಆಗಬಹುದಾ? ಮನೆಯಲ್ಲಿ ಮಾಡಿಸಿದವರು ಇದ್ದರೆ ದಯವಿಟ್ಟು ಬರೆಯಿರಿ.

ಸೋಮವಾರಪೇಟೆ ಮಳೆ

ನಮ್ಮ ಅಮ್ಮನಿಗೆ ಆಡಿಸಿದ್ದೇವೆ. ಖುಷಿಯಿಂದ ಆಡಿದರು, ಅದರಲ್ಲಿ ಎರಡು ಮಾತಿಲ್ಲ. ಟೆನಿಸ್ ಅಂದರೆ ಊಟವನ್ನೂ ಮುಂದೂಡುತ್ತಿದ್ದರು. ಆದರೆ ಗೆಲ್ಲುವ ಆಸೆಗೆ ಭುಜವನ್ನು ಕಿವಿವರೆಗೆ ಎತ್ತಿ ಬೀಸೋದು ರೂಢಿಯಾಯ್ತು. ಭುಜ ನೋವು ಬಂತು. ನಮ್ಮ ಫಿಸಿಯೋ ಕೆಲವು ವಾರ ಟೆನಿಸ್ ನಿಲ್ಲಿಸಿದರು. ನೀವು ಶುರು ಮಾಡುವ ಮೊದಲೇ ನಿಮ್ಮ ಫಿಸಿಯೋಗೆ ತೋರಿಸಿ.

ಕಾಫಿ ಕಣ

ತಂಗೀ, ಇದ್ದದ್ದನ್ನು ಆಡಿಸು, ಆದರೆ ಹೊಸದಕ್ಕೆ ದುಡ್ಡು ಸುರಿಯಬೇಡ. ನನ್ನ ಗೆಳೆಯನ ಕೈ ಸೋತಾಗ ನಾವು ನಾಲ್ವರು ದಿನಾ ಸಂಜೆ ಅವನ ಜಗಲಿಯಲ್ಲಿ ಇಸ್ಪೀಟು ಹಾಕುತ್ತಿದ್ದೆವು. ಎಲೆ ಎತ್ತೋದು, ಜೋಡಿಸೋದು, ಹಾಕೋದು ಎಲ್ಲ ಸೋತ ಕೈಯಲ್ಲೇ ಅಂತ ಕಟ್ಟುನಿಟ್ಟು. ಒಂದು ಎಲೆ ಎತ್ತೋಕೆ ಎಷ್ಟು ಹೊತ್ತಾದರೂ ಯಾರೂ ಅವಸರ ಮಾಡುತ್ತಿರಲಿಲ್ಲ. ಮನೆಯಲ್ಲಿ ಅಕ್ಕಿ ತರಿಯ ಕಡಂಬುಟ್ಟು ಉಂಡೆ ಕಟ್ಟೋಕೂ ಕೂರಿಸುತ್ತಿದ್ದರು. ಕೈ ಬಂತು. ಪೂರ್ತಿ ಅಲ್ಲ, ಆದರೆ ಅಂಗಿ ಗುಂಡಿ ಹಾಕಿಕೊಳ್ಳುತ್ತಾನೆ.

ಕುಶಾಲನಗರ ಫಿಸಿಯೋ

ನಾನು ಸ್ಟ್ರೋಕ್ ಆದವರ ಜೊತೆಗೇ ಜಾಸ್ತಿ ಕೆಲಸ ಮಾಡುವವಳು. ಸ್ವಲ್ಪ ಉದ್ದ ಬರೆಯುತ್ತೇನೆ.

ಕಾಫಿ ಕಣ ಅವರು ಹೇಳಿದ್ದನ್ನು ದೊಡ್ಡ ಮಟ್ಟದಲ್ಲೇ ಪರೀಕ್ಷೆ ಮಾಡಿದ್ದಾರೆ. ಕೆನಡಾದ ಡಾ. ಗುಸ್ತಾವೊ ಸಪೋಸ್ನಿಕ್ ತಂಡ ಹೊಸದಾಗಿ ಸ್ಟ್ರೋಕ್ ಆದ 141 ಜನರನ್ನು ಎರಡು ಗುಂಪು ಮಾಡಿತು. ಮಾಮೂಲಿ ಚಿಕಿತ್ಸೆ ಇಬ್ಬರಿಗೂ ಇತ್ತು. ಅದರ ಮೇಲೆ ಒಂದು ಗುಂಪಿಗೆ ಇದೇ ವೀ, ಇನ್ನೊಂದಕ್ಕೆ ಇಸ್ಪೀಟು, ಬಿಂಗೋ, ಚೆಂಡಿನಾಟ. ಎರಡು ವಾರದಲ್ಲಿ ಒಂದೊಂದು ಗಂಟೆಯಂತೆ ಹತ್ತು ಸಲ. 2016ರಲ್ಲಿ ಫಲಿತಾಂಶ ಬಂತು. ಎರಡೂ ಗುಂಪಿನವರ ಕೈ ಸುಧಾರಿಸಿತ್ತು, ಹೆಚ್ಚು ಕಮ್ಮಿ ಒಂದೇ ಮಟ್ಟದಲ್ಲಿ. ಅಂದರೆ ಯಂತ್ರದಲ್ಲಿ ಮಂತ್ರ ಇಲ್ಲ.

ಹಾಗಂತ ಗೇಮ್ ದಂಡ ಅಂತ ನಾನು ಹೇಳಲ್ಲ. ಸೋತ ಕೈಗೆ ಬೇಕಾಗಿರೋದು ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡೋದು. ಎಷ್ಟು ಸಲ? ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ದಿನಕ್ಕೆ ನೂರಾರು ಸಲ ಮಾಡಿಸುತ್ತಾರೆ. ನಮ್ಮ ಚಿಕಿತ್ಸೆಯಲ್ಲಿ? ಅಮೆರಿಕ, ಕೆನಡಾದ ಕೇಂದ್ರಗಳಲ್ಲಿ ಎಣಿಸಿ ನೋಡಿದಾಗ ಕೈಯಿಂದ ಕೆಲಸ ಮಾಡಿಸುವ ಒಂದು ಸೆಷನ್‌ನಲ್ಲಿ ಸರಾಸರಿ ಬರೀ 32 ಸಲ ಸಿಕ್ಕಿತ್ತು. 2009ರ ಲೆಕ್ಕ ಅದು. ನಿಮ್ಮ ಅಪ್ಪ ನಾಲ್ಕಕ್ಕೇ ನಿಲ್ಲಿಸುತ್ತಾರೆ. ಅವರೇ ಇಷ್ಟಪಟ್ಟು ನೂರು ಸಲ ಬೀಸುವ ಆಟ ಮನೆಯಲ್ಲೇ ಇದ್ದರೆ ಅದನ್ನು ಯಾಕೆ ಬಿಡಬೇಕು? ಮಾಮೂಲಿ ವ್ಯಾಯಾಮದ ಜೊತೆ ಗೇಮ್ ಸೇರಿಸಿ ಒಟ್ಟು ಹೊತ್ತು ಜಾಸ್ತಿ ಮಾಡಿದಾಗ ಲಾಭ ಕಾಣುತ್ತದೆ. ಟವೆಲ್ ಬಿಟ್ಟು ಗೇಮ್ ಅಲ್ಲ, ಟವೆಲ್ ಆದ ಮೇಲೆ ಗೇಮ್.

ಈಗ ಮುಖ್ಯ ವಿಷಯ. ವೀ ರಿಮೋಟ್‌ಗೆ ಗೊತ್ತಾಗೋದು ರಿಮೋಟ್ ಎಷ್ಟು ಜೋರಾಗಿ, ಯಾವ ಕಡೆ ಅಲುಗಿತು ಅನ್ನೋದು ಮಾತ್ರ. ಭುಜ ಎಲ್ಲಿದೆ, ಬೆನ್ನು ವಾಲಿದೆಯಾ ಅನ್ನೋದು ಅದಕ್ಕೆ ಕಾಣಲ್ಲ. ಮಣಿಕಟ್ಟು ಒಂಚೂರು ಕೊಡವಿದರೂ ಅಂಕ ಕೊಟ್ಟುಬಿಡುತ್ತದೆ. ಸೋಮವಾರಪೇಟೆ ಅಮ್ಮನಿಗೆ ಆಗಿದ್ದು ಇದೇ. ಆದ್ದರಿಂದ ನೀವು ಟಿವಿ ಕಡೆ ನೋಡಬೇಡಿ, ಅಪ್ಪನ ಬಲಭುಜ ನೋಡಿ. ಭುಜ ಮೇಲೆ ಹೋದರೆ, ಮೈ ಒಂದು ಕಡೆ ವಾಲಿದರೆ ಅಲ್ಲಿಗೆ ಆಟ ನಿಲ್ಲಿಸಿ. ಅಂಕ ಎಷ್ಟೇ ಬರಲಿ.

ನಿಮ್ಮ ಅಪ್ಪನಿಗೆ ಬೌಲಿಂಗೇ ಒಳ್ಳೆಯದು. ಕೈ ಕೆಳಗಿನಿಂದ ಬೀಸುವ ಆಟ, ಭುಜದ ಮಟ್ಟ ದಾಟಬೇಕಿಲ್ಲ. ಮಾತು, ಓದು ಕೂಡ ಜಾಸ್ತಿ ಬೇಕಿಲ್ಲ. ಒಂದು ತೊಡಕಿದೆ. ರಿಮೋಟಿನ ಕೆಳಗಿನ ಗುಂಡಿಯನ್ನು ಒತ್ತಿ ಹಿಡಿದು, ಬೀಸಿ, ಸರಿಯಾದ ಹೊತ್ತಿಗೆ ಬಿಡಬೇಕು. ಅವರಿಗೆ ಕಷ್ಟ ಇರೋದೇ ಬೆರಳು ಬಿಡಿಸೋದರಲ್ಲಿ, ಅಲ್ವಾ? ಅದಕ್ಕೆ ಮೊದಲು ಎರಡೂ ಕೈಯಲ್ಲಿ ಹಿಡಿಸಿ, ಎಡಗೈ ಬೆರಳು ಗುಂಡಿ ನೋಡಿಕೊಳ್ಳಲಿ, ಬೀಸುವಾಗ ಬಲಗೈ ಜೊತೆಗಿರಲಿ. ಬೆರಳು ಸಡಿಲವಾಗುತ್ತಾ ಬಂದ ಹಾಗೆ ಗುಂಡಿಯನ್ನು ಬಲಗೈಗೆ ಒಪ್ಪಿಸಿ. ಹಿಡಿತ ಜಾರಿದರೆ ಮೆತ್ತನೆ ಬ್ಯಾಂಡೇಜ್‌ನಿಂದ ಸಡಿಲವಾಗಿ ಸುತ್ತಬಹುದು. ಬಿಗಿಯಾಗಿ ಕಟ್ಟಬೇಡಿ. ಕೈಗೆ ಹಾಕುವ ದಾರ ಮರೆಯಬೇಡಿ.

ಸದ್ಯಕ್ಕೆ ಕೂತೇ ಆಡಲಿ. ಕೈಯಿರುವ, ಗಟ್ಟಿ ಮರದ ಕುರ್ಚಿ. ಚಕ್ರದ್ದು, ಪ್ಲಾಸ್ಟಿಕ್‌ದು ಬೇಡ. ಎರಡೂ ಪಾದ ನೆಲಕ್ಕೆ ಪೂರ್ತಿ ತಾಗಬೇಕು. ನೀವು ಬಲಗಡೆ ನಿಲ್ಲಿ. ಮೊದಲು ಹತ್ತು ನಿಮಿಷ, ಆಮೇಲೆ ವಿಶ್ರಾಂತಿ. ಸ್ಟ್ರೋಕ್ ಆದವರಿಗೆ ದಣಿವು ಒಮ್ಮೆಲೇ ಬರುತ್ತದೆ, ಅದನ್ನು ಸೋಮಾರಿತನ ಅಂದುಕೊಳ್ಳಬೇಡಿ. ಬಿಪಿ ಎಷ್ಟಿದ್ದರೆ ಆಡಬಾರದು ಅಂತ ನಿಮ್ಮ ಡಾಕ್ಟರ್ ಹತ್ತಿರ ಒಂದು ಸಂಖ್ಯೆ ಬರೆಸಿಕೊಳ್ಳಿ, ಆಟಕ್ಕೆ ಮೊದಲು ನೋಡಿ. ಯಾವಾಗಲಾದರೂ ಬಾಯಿ ಹೊಸದಾಗಿ ಸೊಟ್ಟಗಾದರೆ, ಕೈ ಇದ್ದಕ್ಕಿದ್ದಂತೆ ಬಿದ್ದರೆ, ಮಾತು ಇನ್ನೂ ತೊದಲಿದರೆ, ತಕ್ಷಣ 108ಕ್ಕೆ ಫೋನ್ ಮಾಡಿ. ರಕ್ತದ ಗಡ್ಡೆ ಕರಗಿಸುವ ಇಂಜೆಕ್ಷನ್ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಆಗಬೇಕು. ನಾಪೋಕ್ಲುವಿನಿಂದ ರಸ್ತೆ ಹೇಗಿದೆ ಅಂತ ನಿಮಗೇ ಗೊತ್ತು.

ನಾಪೋಕ್ಲು ಕಡೆಯವಳು

ತುಂಬಾ ಧನ್ಯವಾದ. ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ. ಕಾಫಿ ಕಣ ಅವರೇ, ಕಡಂಬುಟ್ಟು ಮಾತು ಅಮ್ಮನಿಗೆ ಓದಿ ಹೇಳಿದೆ. ಈ ಭಾನುವಾರವೇ ಕೂರಿಸುತ್ತಾರಂತೆ. ಎರಡು ಪ್ರಶ್ನೆ ಉಳಿದಿದೆ. ಅಣ್ಣ ಕೈನೆಕ್ಟ್ ಅನ್ನೋ ಇನ್ನೊಂದು ಗೇಮ್ ಸಾಧನ ತರಲಾ ಅಂತ ಕೇಳುತ್ತಿದ್ದಾನೆ, ಅದು ವೀಗಿಂತ ಒಳ್ಳೆಯದಾ? ಮತ್ತೆ, ಅಪ್ಪ ಮೂಲೆಯಲ್ಲಿರುವ ಹಾಕಿ ಸ್ಟಿಕ್ ಕಡೆ ಕೈ ತೋರಿಸುತ್ತಾರೆ. ಕೊಡಲಾ?

ಕುಶಾಲನಗರ ಫಿಸಿಯೋ

ಕೈನೆಕ್ಟ್ ಮೈಯನ್ನೇ ಕ್ಯಾಮೆರಾದಲ್ಲಿ ನೋಡುತ್ತದೆ, ಕೈಯಲ್ಲಿ ಏನೂ ಹಿಡಿಯಬೇಕಿಲ್ಲ. ಅದು ಒಳ್ಳೆಯದೇ. ಆದರೆ ಸುಮಾರು ಆರಡಿ ಜಾಗ ಬಿಡಬೇಕು, ಕೂತವರನ್ನು ಕೆಲವು ಆಟ ಗುರುತಿಸೋದೇ ಇಲ್ಲ. ತಯಾರಿಕೆಯೂ 2017ಕ್ಕೆ ನಿಂತಿದೆ, ಕೆಟ್ಟರೆ ರಿಪೇರಿ ಕಷ್ಟ. ನಿಮ್ಮಲ್ಲಿ ಇರುವುದೇ ಸಾಕು.

ಸ್ಟಿಕ್ ಖಂಡಿತ ಕೊಡಿ. ಕೂತಲ್ಲೇ, ಎರಡೂ ಕೈಯಲ್ಲಿ ಹಿಡಿದು, ಟೆನಿಸ್ ಚೆಂಡನ್ನು ನಿಧಾನಕ್ಕೆ ನೆಲದ ಮೇಲೆ ನಿಮ್ಮ ಕಡೆ ತಳ್ಳಲಿ. ಹೊಡೆಯೋದು ಬೇಡ, ತಳ್ಳೋದು. ಬಲಗೈ ಸ್ಟಿಕ್‌ನ ಕೆಳಗಡೆ ಇರುತ್ತದಲ್ಲ, ತಳ್ಳುವಾಗ ಮೊಣಕೈ ಚಾಚಲೇಬೇಕು. ಟವೆಲ್ ಮುಂದೆ ತಳ್ಳುವಾಗಿನ ಚಲನೆಯೇ ಇದು. ಹತ್ತು ಸಲ ಆದ ಮೇಲೆ ಬದಿಯಿಂದ ಒಂದು ವಿಡಿಯೋ ತೆಗೆದು ಮಡಿಕೇರಿಯ ನಿಮ್ಮ ಫಿಸಿಯೋಗೆ ಕಳಿಸಿ. ಭುಜ ಕಾಣುವ ಹಾಗೆ ತೆಗೆಯಿರಿ. ರಸ್ತೆ ಮುಚ್ಚಿದ ವಾರದಲ್ಲಿ ಅವರು ಅದನ್ನು ನೋಡಿಯೇ ತಿದ್ದಿ ಹೇಳಬಹುದು.