ಸಹಾಯ ಬೇಕು: ಸಾಕಿದ ಆಮೆಗಳು ತಿನ್ನಬಹುದಾದ ತೋಟದ ಗಿಡಗಳ ಬಗ್ಗೆ

ಎಲ್ಲರಿಗೂ ನಮಸ್ಕಾರ. ಇಂಗ್ಲೆಂಡಿನಲ್ಲಿರುವ ನಮ್ಮ ಮನೆಯಲ್ಲಿ ಎರಡು ಹರ್ಮನ್ ಆಮೆಗಳಿದ್ದು, ಅವು ತಾವಾಗಿಯೇ ಮೇಯುವಂತೆ ಹಿತ್ತಲಿನ ಬಿಸಿಲು ಬೀಳುವ ಮೂಲೆಯಲ್ಲಿ ಪಾತಿ ಮಾಡಬೇಕೆಂದಿದ್ದೇನೆ. (ಭಾರತದಲ್ಲಿ ನಕ್ಷತ್ರ ಆಮೆಯನ್ನು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧವಾದ್ದರಿಂದ ಊರಿನಲ್ಲಿರುವವರು ಇದನ್ನು ನೋಡಿ ಆಸೆಪಡದಿರಲಿ.)

ಮೆಡಿಟರೇನಿಯನ್ ಸೀಮೆಯ ಈ ಆಮೆಗಳಿಗೆ ನಾರು, ಕ್ಯಾಲ್ಸಿಯಂ ಹೆಚ್ಚಾಗಿಯೂ ಸಕ್ಕರೆ, ಪ್ರೋಟೀನ್ ಕಡಿಮೆಯಾಗಿಯೂ ಇರುವ ಕಳೆಸೊಪ್ಪುಗಳೇ ಹಿತ. ಡ್ಯಾಂಡೆಲಿಯನ್ ಕಂಡರಂತೂ ಮೊದಲು ಹಳದಿ ಹೂವನ್ನು ಕಚ್ಚಿ ಮುಗಿಸಿ, ಬಳಿಕ ಎಲೆಯನ್ನು ಮುಂಗಾಲಿನಿಂದ ಅದುಮಿ ಹರಿದು ತಿನ್ನುತ್ತವೆ. ಪಾಲಕ್ ಸೊಪ್ಪಿನಲ್ಲಿರುವ ಆಕ್ಸಲೇಟ್ ಎಂಬ ಅಂಶವು ಕ್ಯಾಲ್ಸಿಯಂ ಮೈಗೆ ಹತ್ತದಂತೆ ತಡೆಯುವುದರಿಂದ ಅದನ್ನು ಕೊಡುತ್ತಿಲ್ಲ. ವಿಷಕಾರಿಯಾದ ಫಾಕ್ಸ್‌ಗ್ಲವ್, ಡ್ಯಾಫೊಡಿಲ್, ರೋಡೋಡೆಂಡ್ರಾನ್ ಗಿಡಗಳನ್ನು ಆ ಮೂಲೆಯಿಂದ ಕೀಳಿಸಿದ್ದಾಗಿದೆ. ಕಣಗಿಲೆಯ ಕುಂಡವನ್ನೂ ದೂರವಿಟ್ಟಿದ್ದೇನೆ.

ದಾಸವಾಳದ ಎಲೆ ಮತ್ತು ಹೂವು, ಹಿಪ್ಪುನೇರಳೆಯ ಎಲೆ ಸುರಕ್ಷಿತವೆಂದು ಬಲ್ಲೆ. ಆದರೆ ನರ್ಸರಿಯಿಂದ ತಂದ ಗಿಡಗಳ ಒಳಗೇ ಕೀಟನಾಶಕ ಸೇರಿಕೊಂಡಿರುವ ಸಾಧ್ಯತೆ ಇರುವುದರಿಂದ, ಎಲೆ ತೊಳೆದ ಮಾತ್ರಕ್ಕೆ ಅದು ಹೋಗುವುದಿಲ್ಲ. ಅಂಥ ಗಿಡವನ್ನು ಎಷ್ಟು ಕಾಲ ಬೇರೆಯಾಗಿ ಬೆಳೆಸಿದ ಮೇಲೆ ತಿನ್ನಲು ಬಿಡುತ್ತೀರಿ, ಅಥವಾ ಬೀಜದಿಂದಲೇ ಬೆಳೆಸುವುದು ಮೇಲೋ? ಅಲ್ಲದೆ ಜಿಗುಟು ಮಣ್ಣಿನಲ್ಲೂ ಬದುಕಿ, ಆಮೆ ಮೇಯ್ದಷ್ಟೂ ಮತ್ತೆ ಚಿಗುರುವ ಗಿಡಗಳು ಯಾವುವು? ಸ್ವತಃ ಆಮೆ ಸಾಕಿದವರು ಅಥವಾ ಸರೀಸೃಪಗಳ ಚಿಕಿತ್ಸೆ ಬಲ್ಲ ಪಶುವೈದ್ಯರು ಉತ್ತರಿಸಿದರೆ ಉಪಕಾರವಾಗುತ್ತದೆ.