ಸಿಎಫ್ ಇರೋ ಮಗ ಬೆನ್ನು ಬಾಗಿಸಿ ನಿಲ್ತಾನೆ, ಆಟ ಆಡಿಸೋದಾ ಬೇಡ್ವಾ?

ತುಮಕೂರಿನ ತಾಯಿ:
ಎಲ್ಲರಿಗೂ ನಮಸ್ಕಾರ. ಮಗನಿಗೆ 13 ವರ್ಷ, ಸಿಸ್ಟಿಕ್ ಫೈಬ್ರೋಸಿಸ್ (ಸಿಎಫ್) ಇದೆ, ಶ್ವಾಸಕೋಶದಲ್ಲಿ ಅಂಟು ಕಫ ಕಟ್ಟಿಕೊಳ್ಳೋ ಹುಟ್ಟು ಕಾಯಿಲೆ. ಮಗುವಾಗಿದ್ದಾಗ ಮುತ್ತು ಕೊಟ್ಟರೆ ತುಟಿಗೆ ಉಪ್ಪುಪ್ಪು ಹತ್ತೋದು. ಪದೇ ಪದೇ ನ್ಯುಮೋನಿಯಾ, ಟಿಬಿ ಮಾತ್ರೆನೂ ನುಂಗಿಸಿದ್ದಾಯ್ತು, ಕೊನೆಗೆ ಬೆವರಿನ ಪರೀಕ್ಷೆಯಲ್ಲಿ ಕ್ಲೋರೈಡ್ 60 ದಾಟಿದಾಗ ಗೊತ್ತಾಯ್ತು. ಈಗ ನೆಬ್ಯುಲೈಸರ್, ಊಟದ ಜೊತೆ ಎಂಜೈಮ್ ಕ್ಯಾಪ್ಸೂಲ್ ಎಲ್ಲಾ ನಡೀತಿದೆ.

ಈ ವರ್ಷ ಎತ್ತರ ಆದಮೇಲೆ ಬೆನ್ನು ಗೂನು ಬಿದ್ದಿದೆ. ಭುಜ ಮುಂದಕ್ಕೆ, ಎದೆ ಉಬ್ಬಿಕೊಂಡಿದೆ. ಪಿಟಿ ಮೇಷ್ಟ್ರು "ನೆಟ್ಟಗೆ ನಿಂತ್ಕೊಳೋ" ಅಂತಾರೆ. ನಮ್ಮತ್ತೆ "ಮೊಬೈಲ್ ಕಿತ್ಕೊ, ಸರಿಹೋಗ್ತಾನೆ" ಅಂತಾರೆ. ಖೋಖೋ ಅಂದ್ರೆ ಪ್ರಾಣ ಅವನಿಗೆ. ಒಂದು ಸುತ್ತು ಓಡಿ ಮಂಡಿ ಮೇಲೆ ಕೈಯೂರಿ ಕೆಮ್ಮೋದು ನೋಡಿದ್ರೆ ಹೊಟ್ಟೆ ಚುರ್ ಅನ್ನುತ್ತೆ. ಬೆನ್ನು ನೆಟ್ಟಗಾದ್ರೆ ಎಫ್‌ಇವಿ1 (ಜೋರಾಗಿ ಊದಿದಾಗ ಮೊದಲ ಸೆಕೆಂಡಲ್ಲಿ ಹೊರಬರೋ ಗಾಳಿಯ ಅಳತೆ) ಏರುತ್ತಾ? ಆಟ ನಿಲ್ಲಿಸ್ಬೇಕಾ?

ಕಬಿನಿ ದಂಡೆ:
ಅಕ್ಕಾ, ಆಟ ಬಿಡಿಸಿ, ಶ್ವಾಸಕೋಶಕ್ಕೆ ರೆಸ್ಟ್ ಬೇಕು. ಪ್ರಾಣಾಯಾಮ ಸಾಕು.

ಉಪ್ಪುಮೈ:
ರೆಸ್ಟ್ ಕೊಟ್ರೆ ಕಫಾನೂ ಅಲ್ಲೇ ರೆಸ್ಟ್ ತಗೊಳ್ಳುತ್ತೆ! ನನಗೂ ಸಿಎಫ್. ಊರು ಶಿವಮೊಗ್ಗ, ಈಗ ಇಂಗ್ಲೆಂಡಿನ ಲೆಸ್ಟರ್‌ನಲ್ಲಿದ್ದೀನಿ. ಅಕ್ಕಾ, ಖೋಖೋ ಆಡಲಿ ಬಿಡಿ. ಓಡಿದಾಗ ಬರೋ ಕೆಮ್ಮು ಕಫವನ್ನ ಅಲ್ಲಾಡಿಸುತ್ತೆ. ನಡುನಡುವೆ ಹಫ್ ಮಾಡೋದು ಕಲಿಸಿ: ಕನ್ನಡಕ ಒರೆಸೋಕೆ ಊದ್ತೀವಲ್ಲ, ಹಾಗೆ ಬಾಯಿ ತೆರೆದು ಜೋರಾಗಿ "ಹಾ". ಆದ್ರೆ ಓಡಿದ ಅಂತ ಬೆಳಗಿನ ಕಫ ತೆಗೆಯೋ ಫಿಸಿಯೋ ತಪ್ಪಿಸ್ಬೇಡಿ.

ಪಿಟ್ಸ್‌ಬರ್ಗ್‌ನವರು 1992ರಲ್ಲಿ ಒಂದು ಅಧ್ಯಯನ ಪ್ರಕಟಿಸಿದ್ರು. ವ್ಯಾಯಾಮ ಪರೀಕ್ಷೆಯಲ್ಲಿ ದಮ್ಮು ಚೆನ್ನಾಗಿದ್ದ ಸಿಎಫ್‌ನವರಲ್ಲಿ 8 ವರ್ಷ ಆದಮೇಲೂ ಬದುಕಿದ್ದವರು ಹೆಚ್ಚು. ಗಟ್ಟಿ ಇದ್ದವರೇ ಚೆನ್ನಾಗಿ ಓಡಿರಬಹುದು, ಅದೂ ನಿಜ. ನನಗಂತೂ ಬೆಳಗ್ಗೆ ಶೂ ಹಾಕ್ಕೊಳ್ಳೋಕೆ ಅಷ್ಟು ಸಾಕು.

ಗೂನಿನ ವಿಷಯ: ಮೂರು ಔಷಧಿ ಸೇರಿದ ಹೊಸ ಮಾತ್ರೆ ಇಲ್ಲಿ 2020ರಲ್ಲಿ ಸಿಗೋಕೆ ಶುರುವಾದ ಮೇಲೆ ನನ್ನ ಕೆಮ್ಮು ಹೋಯ್ತು, ಗೂನು ಹೋಗಲಿಲ್ಲ. ಅದಕ್ಕೆ ಬೇರೆಯೇ ದುಡೀಬೇಕು.

ಮೈಸೂರು ಫಿಸಿಯೋ:
ಅಮ್ಮಾ, ಪಾಪ ಮೊಬೈಲ್ ಒಂದರದ್ದೇ ತಪ್ಪಲ್ಲ. ಸಿಎಫ್‌ನಲ್ಲಿ ಒಳಗೆ ಹೋದ ಗಾಳಿ ಪೂರ್ತಿ ಹೊರಗೆ ಬರಲ್ಲ. ಉಳಿದ ಗಾಳಿಗೆ ಎದೆ ಉಬ್ಬಿ, ವಪೆ (ಎದೆ, ಹೊಟ್ಟೆ ನಡುವೆ ಇರೋ ಉಸಿರಾಟದ ಸ್ನಾಯು) ಚಪ್ಪಟೆಯಾಗಿ, ಅದರ ಕೆಲಸವನ್ನ ಕತ್ತು, ಭುಜದ ಸ್ನಾಯುಗಳು ಹೊರುತ್ತವೆ. ಜೊತೆಗೆ ಪ್ರತಿ ಕೆಮ್ಮಿಗೂ ಮೈ ಮುಂದಕ್ಕೆ ಮಡಚುತ್ತೆ. ಎದೆ ಕಡೆ ಬಿಗಿ, ಬೆನ್ನು ಸೋತಿರುತ್ತೆ, ಬೆಳೆಯೋ ವಯಸ್ಸಲ್ಲಿ ಅದು ಎದ್ದು ಕಾಣುತ್ತೆ. ಕೊಬ್ಬು ಜೀರ್ಣ ಆಗದೆ ವಿಟಮಿನ್ ಡಿ ಕಮ್ಮಿಯಾಗಿ ಮೂಳೆ ತೆಳುವಾಗೋದೂ ಉಂಟು. ಬೆನ್ನುನೋವು ಇದ್ರೆ ಡಾಕ್ಟರಿಗೆ ಹೇಳಿ.

ನೆಟ್ಟಗೆ ನಿಂತ ಮಾತ್ರಕ್ಕೆ ಎಫ್‌ಇವಿ1 ಏರುತ್ತೆ ಅನ್ನೋ ಆಸೆ ಬೇಡ. ಪಕ್ಕೆಲುಬು ಸಲೀಸಾಗಿ ಆಡಲಿ, ನೋವು ಕಮ್ಮಿಯಾಗಲಿ ಅಂತ ಮಾಡಿಸೋದು. ಸುತ್ತಿದ ಟವೆಲ್ ಬೆನ್ನ ಕೆಳಗೆ ಅಡ್ಡ ಇಟ್ಟು ಮಲಗಿ ಕೈ ಚಾಚೋದು, ಗೋಡೆ ಮೂಲೆಯಲ್ಲಿ ನಿಂತು ಎದೆ ಹಿಗ್ಗಿಸೋದು, ರಬ್ಬರ್ ಬ್ಯಾಂಡ್ ಹಿಂದಕ್ಕೆ ಎಳೆಯೋದು. ನಿಮ್ಮ ಫಿಸಿಯೋ ಒಮ್ಮೆ ನೋಡಲಿ.

ಮಂಡಿ ಮೇಲೆ ಕೈಯೂರಿದ್ರೆ ಗದರಬೇಡಿ. ಕೈ ಊರಿದಾಗ ಭುಜದ ಸ್ನಾಯುಗಳು ಉಸಿರಿಗೆ ನೆರವಾಗ್ತವೆ. ಮೇಷ್ಟ್ರಿಗೂ ಇದನ್ನ ಹೇಳಿ. ಜ್ವರ ಇದ್ದಾಗ, ಕಫದಲ್ಲಿ ರಕ್ತ ಕಂಡಾಗ ಆಟ ನಿಲ್ಲಿಸಿ, ಡಾಕ್ಟರಿಗೆ ಫೋನ್ ಮಾಡಿ.

ತುಮಕೂರಿನ ತಾಯಿ:
ಅಬ್ಬಾ, ಮೇಷ್ಟ್ರಿಗೆ ಇದನ್ನೇ ಓದಿ ಹೇಳ್ತೀನಿ. ಆಡಿ ಬಂದಾಗ ಹಣೆ ಮೇಲೆ ಬಿಳಿ ಪುಡಿ ಕಾಣುತ್ತೆ, ನೀರು ಕೊಟ್ರೆ ಬೇಡ ಅಂತಾನೆ.

ಉಪ್ಪುಮೈ:
ಅದು ಉಪ್ಪೇ! ನಮ್ಮ ಬೆವರಲ್ಲಿ ಉಪ್ಪು ಸುರಿದು ಹೋಗೋದ್ರಿಂದ ಬಾಯಾರಿಕೆನೂ ಸರಿಯಾಗಿ ಆಗಲ್ಲ. ಕೇಳೋ ತನಕ ಕಾಯಬೇಡಿ. ಬರೀ ನೀರಿಗಿಂತ ಓಆರ್‌ಎಸ್ ಇಲ್ಲಾ ಉಪ್ಪು ಹಾಕಿದ ಮಜ್ಜಿಗೆ ಕೊಟ್ಟು ಕಳಿಸಿ. ಎಷ್ಟು ಉಪ್ಪು ಅಂತ ಅವನ ಡಾಕ್ಟರ್ ಹೇಳಲಿ.

ಹಾಸನದ ಅಪ್ಪ:
ನನ್ನ ಮಗಳಿಗೂ ಸಿಎಫ್, 11 ವರ್ಷ. ಒಂದು ಭಾನುವಾರ ಮಕ್ಕಳನ್ನ ಕರ್ಕೊಂಡು ಬೆಂಗಳೂರಲ್ಲಿ ಸೇರೋಣ್ವಾ?

ಮೈಸೂರು ಫಿಸಿಯೋ:
ದಯವಿಟ್ಟು ಬೇಡ ಸರ್. ಸಿಎಫ್ ಇರೋ ಇಬ್ಬರು ಹತ್ತಿರ ಬಂದ್ರೆ ಸ್ಯೂಡೋಮೊನಾಸ್‌ನಂಥ ಬ್ಯಾಕ್ಟೀರಿಯಾ ಒಬ್ಬರಿಂದ ಒಬ್ಬರಿಗೆ ದಾಟಬಹುದು. ಆಸ್ಪತ್ರೆಗಳಲ್ಲೂ ಇವರನ್ನ ದೂರ ದೂರ ಕೂರಿಸ್ತಾರೆ. ಅಪ್ಪ ಅಮ್ಮಂದಿರು ಸೇರಿ, ಮಕ್ಕಳು ಬೇಡ.

ಹಾಸನದ ಅಪ್ಪ:
ಸರಿ ಹಾಗಾದ್ರೆ, ವಿಡಿಯೋ ಕಾಲ್‌ನಲ್ಲಿ ಸ್ಕಿಪ್ಪಿಂಗ್ ಪೈಪೋಟಿ ಇಡೋಣ. ನನ್ನ ಮಗಳು ಸೋಲೋ ಪೈಕಿ ಅಲ್ಲ, ನಿಮ್ಮ ಹುಡುಗನಿಗೆ ಹೇಳಿಡಿ ಅಮ್ಮಾ.